ಬೈಕ್ ವಾರಂಟಿ ಮತ್ತು ಸರ್ವಿಸ್: ತುಮಕೂರು ಸೀಮೆಯ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮೊದಲ ಹೊಸ ಬೈಕಿನ ವಾರಂಟಿ ಪುಸ್ತಕವನ್ನು ನಾನು ಬಿಡಿಸಿ ಓದಿದ್ದು ವಾರಂಟಿ ಮುಗಿದ ಮೇಲೆ. ಆ ಕಥೆ ಕೆಳಗೆ ಬರುತ್ತದೆ. ಅಂದಿನಿಂದ ಯಾರೇ ಗಾಡಿ ಕೊಳ್ಳಲು ಹೊರಟರೂ ಮೊದಲು ಆ ಪುಸ್ತಕ ಓದಿ ಎಂದು ಹೇಳುತ್ತಾ ಬಂದಿದ್ದೇನೆ. ಹಾಗೆ ಹೇಳಿ ಹೇಳಿ, ಕ್ಯಾತ್ಸಂದ್ರದ ನೆರೆಹೊರೆಯವರು, ಗುಬ್ಬಿ, ಕೊರಟಗೆರೆ, ಪಾವಗಡದ ಬಂಧುಗಳು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಕಡೆಯ ಪರಿಚಿತರು ಈ ವಿಷಯಕ್ಕೆ ನನ್ನನ್ನೇ ಕೇಳುವುದು ರೂಢಿಯಾಗಿದೆ. ಅವರು ಕೇಳಿದ ಪ್ರಶ್ನೆಗಳನ್ನು ಹೆಚ್ಚುಕಡಿಮೆ ಅವರ ಮಾತಿನಲ್ಲೇ ಇಟ್ಟಿದ್ದೇನೆ. ಷರತ್ತುಗಳು ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತವೆ. ಆದ್ದರಿಂದ ಇಲ್ಲಿನ ಉತ್ತರವನ್ನು ನಿಮ್ಮ ಗಾಡಿಯ ಪುಸ್ತಕದ ಜೊತೆ ಇಟ್ಟುಕೊಂಡು ಓದಿ.

## ಕೊಳ್ಳುವ ಮೊದಲು

ವಾರಂಟಿ, ಇನ್ಶೂರೆನ್ಸ್, ಫ್ರೀ ಸರ್ವಿಸ್ ಎಲ್ಲ ಒಂದೇ ಅಲ್ಲವೇ?

ಮೂರೂ ಬೇರೆ. ತಯಾರಿಕೆಯಲ್ಲೇ ದೋಷವಿದ್ದು ಭಾಗವೊಂದು ಕೆಟ್ಟರೆ ಕಂಪನಿ ಅದನ್ನು ಸರಿಪಡಿಸಿ ಕೊಡುತ್ತೇನೆ ಎನ್ನುವುದು ವಾರಂಟಿ. ಬಿದ್ದರೆ, ಗುದ್ದಿದರೆ, ಕಳವಾದರೆ ನೋಡಿಕೊಳ್ಳುವುದು ಇನ್ಶೂರೆನ್ಸ್, ಅದೂ ನಿಮ್ಮ ಗಾಡಿಯ ಹಾನಿಗೆ ಪಾಲಿಸಿ ಮಾಡಿಸಿದ್ದರೆ ಮಾತ್ರ. ಮೊದಲ ಕೆಲವು ಸಲ ಕೂಲಿ ತೆಗೆದುಕೊಳ್ಳದೆ ಗಾಡಿ ನೋಡಿಕೊಡುವುದು ಫ್ರೀ ಸರ್ವಿಸ್. ಗಾಡಿ ರಸ್ತೆ ಗುಂಡಿಗೆ ಬಿದ್ದು ಇಂಡಿಕೇಟರ್ ಒಡೆದರೆ ವಾರಂಟಿ ಕೇಳಿ ಪ್ರಯೋಜನವಿಲ್ಲ. ಅದೇ ಇಂಡಿಕೇಟರಿನ ಸ್ವಿಚ್ ಮೂರೇ ತಿಂಗಳಲ್ಲಿ ಕೆಲಸ ನಿಲ್ಲಿಸಿದರೆ ಇನ್ಶೂರೆನ್ಸ್ ಕೇಳಿ ಪ್ರಯೋಜನವಿಲ್ಲ.

ಮೂರು ವರ್ಷ ವಾರಂಟಿ ಎಂದು ಬೋರ್ಡಿನಲ್ಲೇ ಬರೆದಿದ್ದಾರೆ. ಮೂರು ವರ್ಷ ಯೋಚನೆಯಿಲ್ಲ ತಾನೇ?

ವರ್ಷದ ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ಕಿಲೋಮೀಟರ್ ಬರೆದಿರುತ್ತದೆ, ಅದನ್ನು ಓದಿ. ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೆಯೋ ವಾರಂಟಿ ಅಲ್ಲಿಗೆ ಮುಗಿಯಿತು. ಗುಬ್ಬಿಯಿಂದ ತುಮಕೂರಿಗೆ ದಿನವೂ ಕೆಲಸಕ್ಕೆ ಬಂದು ಹೋಗುವವರು ದಿನಕ್ಕೆ 40 ಕಿಲೋಮೀಟರ್ ಓಡಿಸುತ್ತಾರೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 300 ದಿನವೆಂದರೆ 12,000 ಕಿಲೋಮೀಟರ್. ಮೂರು ವರ್ಷ ಅಥವಾ 30,000 ಕಿಲೋಮೀಟರ್ ಎಂಬ ವಾರಂಟಿ ಅವರ ಪಾಲಿಗೆ ಎರಡೂವರೆ ವರ್ಷಕ್ಕೇ ತೀರುತ್ತದೆ. ಮನೆಯಿಂದ ಅಂಗಡಿಗೆ ಮಾತ್ರ ಓಡಿಸುವವರಿಗೆ ಮೂರು ವರ್ಷವೂ ಸಿಗುತ್ತದೆ. ಎರಡು ಗಾಡಿಗಳ ವಾರಂಟಿಯನ್ನು ಹೋಲಿಸುವಾಗ ಮೊದಲು ನಿಮ್ಮ ಓಡಾಟವನ್ನು ಲೆಕ್ಕ ಹಾಕಿ.

ಯಾವ ದಿನದಿಂದ ಲೆಕ್ಕ ಶುರುವಾಗುತ್ತದೆ? ನಂಬರ್ ಪ್ಲೇಟ್ ಬಂದ ದಿನದಿಂದಲೇ?

ಸಾಮಾನ್ಯವಾಗಿ ಮಾರಾಟದ ದಿನದಿಂದ. ಬಿಲ್ಲಿನಲ್ಲಿರುವ ತಾರೀಖು ಮತ್ತು ವಾರಂಟಿ ಪುಸ್ತಕದಲ್ಲಿ ಬರೆದ ತಾರೀಖು ಒಂದೇ ಇದೆಯೇ ಎಂದು ಶೋರೂಮಿನಲ್ಲೇ ನೋಡಿಕೊಳ್ಳಿ. ಮಾರಾಟ ಪತ್ರವಾದ ಫಾರ್ಮ್ 21ರಲ್ಲಿ ಗಾಡಿ ತಯಾರಾದ ತಿಂಗಳು ಮತ್ತು ವರ್ಷವೂ ಇರುತ್ತದೆ. ಹಬ್ಬಕ್ಕೆ ಕೊಂಡ 'ಹೊಸ' ಗಾಡಿ ಹಿಂದಿನ ವರ್ಷದ್ದಾಗಿದ್ದರೆ ಅಲ್ಲಿ ಗೊತ್ತಾಗುತ್ತದೆ. ಚಾಸಿಸ್ ಸಂಖ್ಯೆಯನ್ನು ಗಾಡಿಯ ಮೇಲಿನದರ ಜೊತೆ ಒಂದೊಂದು ಅಂಕಿಯಾಗಿ ಹೋಲಿಸಿ. ವಾರಂಟಿ ದಾಖಲಾಗುವುದು ಆ ಸಂಖ್ಯೆಯ ಮೇಲೆ.

ಶೋರೂಮಿನ ಇನ್ಶೂರೆನ್ಸ್, ಕ್ರ್ಯಾಶ್ ಗಾರ್ಡ್, ಸೀಟ್ ಕವರ್ ತೆಗೆದುಕೊಳ್ಳದಿದ್ದರೆ ವಾರಂಟಿ ಸಿಗುವುದಿಲ್ಲ ಎನ್ನುತ್ತಾರೆ. ನಿಜವೇ?

ಸುಳ್ಳು. ಒಂದು ವಸ್ತು ಬೇಕೆಂದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂದು ಕಟ್ಟಿಹಾಕುವುದನ್ನು 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ನಿರ್ಬಂಧಾತ್ಮಕ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ (ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಇರುವ ವಿಮೆ) 2018ರ ಸೆಪ್ಟೆಂಬರ್ 1ರಿಂದ ಕಡ್ಡಾಯವಾಗಿರುವುದು ನಿಜ. ಆದರೆ ಅದನ್ನು ಯಾವ ವಿಮಾ ಕಂಪನಿಯಿಂದ ಕೊಳ್ಳಬೇಕು ಎಂಬುದು ನಿಮ್ಮ ಇಷ್ಟ. ಇನ್ನೊಂದು ವಿಷಯ: ಗಾಡಿಯ ಜೊತೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುಣಮಟ್ಟದ ಹೆಲ್ಮೆಟ್ ಒದಗಿಸಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮ 138 ಹೇಳುತ್ತದೆ. ಸೀಟ್ ಕವರ್ ಬೇಡ, ಹೆಲ್ಮೆಟ್ ಕೊಡಿ ಎಂದು ಧೈರ್ಯವಾಗಿ ಕೇಳಿ.

ನಮ್ಮದು ಗೌರಿಬಿದನೂರು. ಹಿಂದೂಪುರವೇ ಹತ್ತಿರ. ಆಂಧ್ರದಲ್ಲಿ ಕೊಂಡರೆ ಇಲ್ಲಿ ವಾರಂಟಿ ನಡೆಯುತ್ತದೆಯೇ?

ನಡೆಯುತ್ತದೆ. ವಾರಂಟಿ ಕೊಡುವವರು ತಯಾರಕರು, ಶೋರೂಮಿನವರಲ್ಲ. ದೇಶದ ಯಾವ ಅಧಿಕೃತ ಸರ್ವಿಸ್ ಸೆಂಟರಿಗಾದರೂ ಹೋಗಬಹುದು. ಹೊಸೂರಿನಲ್ಲಿ ಕೊಳ್ಳುವ ಮಾಲೂರಿನವರಿಗೂ ಇದೇ ಉತ್ತರ. ತಾತ್ಕಾಲಿಕ ನೋಂದಣಿ ಮಾಡಿಸಿಕೊಂಡು ಬಂದು ತೆರಿಗೆ ಕಟ್ಟಿ ಕರ್ನಾಟಕದಲ್ಲಿ ನೋಂದಾಯಿಸಬೇಕು. ಅಲೆದಾಟ ಇರುವುದು ಅಲ್ಲಿ. ಆದರೆ ಶೋರೂಮಿನವರೇ ಬಾಯಿಮಾತಿನಲ್ಲಿ ಕೊಡುವ 'ಹೆಚ್ಚುವರಿ ಎರಡು ಸರ್ವಿಸ್ ಫ್ರೀ' ಎಂಬಂಥ ಕೊಡುಗೆಗಳು ಆ ಶೋರೂಮಿಗೆ ಮಾತ್ರ ಸೀಮಿತ.

## ಮೊದಲ ವರ್ಷ

ಫ್ರೀ ಸರ್ವಿಸ್ ಎಂದವರು ಬಿಲ್ ಕೊಟ್ಟರು. ಮೋಸವಲ್ಲವೇ?

ಫ್ರೀ ಆಗಿರುವುದು ಕೂಲಿ ಮಾತ್ರ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಗ್ರೀಸಿನಂಥವುಗಳಿಗೆ ದುಡ್ಡು ಕೊಡಬೇಕು. ಮೋಸ ಆಗುವುದು ನೀವು ಕೇಳದ ಪಾಲಿಶ್, ಕೋಟಿಂಗ್, ಎಂಜಿನ್ ಕ್ಲೀನರ್‌ಗಳು ಬಿಲ್ಲಿಗೆ ಸೇರಿದಾಗ. ಗಾಡಿ ಬಿಡುವಾಗಲೇ ಅಂದಾಜು ವೆಚ್ಚ ಬರೆಸಿಕೊಂಡು, ಅದಕ್ಕಿಂತ ಹೆಚ್ಚಾದರೆ ಫೋನ್ ಮಾಡಿ ಕೇಳಬೇಕು ಎಂದು ಹೇಳಿ.

ಎರಡನೇ ಫ್ರೀ ಸರ್ವಿಸ್ ತಪ್ಪಿಹೋಯಿತು. ವಾರಂಟಿಯೂ ಹೋಯಿತೇ?

ಪುಸ್ತಕದ ಷರತ್ತಿನ ಪ್ರಕಾರ ಹೋಗಬಹುದು. ಬಹುತೇಕ ಕಂಪನಿಗಳು ನಿಗದಿತ ದಿನ ಅಥವಾ ಕಿಲೋಮೀಟರಿನೊಳಗೆ ಸರ್ವಿಸ್ ಆಗಿರಬೇಕು ಎಂದು ಬರೆದಿರುತ್ತವೆ. ಮೊದಲ ಸರ್ವಿಸ್ ಹೆಚ್ಚಾಗಿ 500ರಿಂದ 1,000 ಕಿಲೋಮೀಟರಿನೊಳಗೆ ಬರುತ್ತದೆ. ಹೊಸ ಎಂಜಿನ್ ಒಳಗೆ ಲೋಹ ಲೋಹಕ್ಕೆ ಒಗ್ಗುವಾಗ ಉದುರಿದ ಪುಡಿ ಹಳೆಯ ಆಯಿಲಿನಲ್ಲಿ ತೇಲುತ್ತಿರುತ್ತದೆ. ಅದನ್ನು ಹೊರಹಾಕುವ ಕೆಲಸ ಇದು, ಇದನ್ನಂತೂ ತಪ್ಪಿಸಲೇಬೇಡಿ. ತಪ್ಪಿದ್ದರೆ ಇಂದೇ ಹೋಗಿ ಹಣ ಕೊಟ್ಟಾದರೂ ಸರ್ವಿಸ್ ಮಾಡಿಸಿ, ಬಿಲ್ ಇಟ್ಟುಕೊಳ್ಳಿ. ಸರ್ವಿಸ್ ತಡವಾಗಿದ್ದಕ್ಕೂ ಸ್ಪೀಡೋಮೀಟರ್ ಕೆಟ್ಟಿದ್ದಕ್ಕೂ ಏನು ಸಂಬಂಧ ಎಂದು ವಾದಿಸುವ ಹಕ್ಕು ನಿಮಗೆ ಉಳಿದೇ ಇರುತ್ತದೆ.

ಊರಿನ ಮೆಕ್ಯಾನಿಕ್ ಹತ್ತಿರ ಆಯಿಲ್ ಬದಲಿಸಿದರೆ ವಾರಂಟಿ ಪೂರ್ತಿ ರದ್ದು ಎನ್ನುತ್ತಾರೆ. ಹೌದೇ?

ಪೂರ್ತಿ ರದ್ದು ಎನ್ನುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ತಯಾರಕರ ವಿರುದ್ಧದ ಪ್ರಕರಣದಲ್ಲಿ ಇದೇ ಮಾತನ್ನು ಹೇಳಿತು. ಹೊರಗಿನ ಗ್ಯಾರೇಜಿಗೆ ಹೋದರು ಎಂಬ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಮಾಡುವ ಷರತ್ತು ಸಲ್ಲದು, ಹೊರಗಿನ ತಪ್ಪು ರಿಪೇರಿಯಿಂದ ಎಷ್ಟು ಹಾನಿಯಾಯಿತೋ ಅಷ್ಟರ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದಿತು. ಆ ಆದೇಶ ಕಾರುಗಳಿಗೆ ಸಂಬಂಧಿಸಿದ್ದು. ಅದರ ಮೇಲೆ ಮೇಲ್ಮನವಿಗಳೂ ನಡೆದವು. ಬೈಕಿನ ವಾರಂಟಿ ಪುಸ್ತಕಗಳು ಇಂದಿಗೂ ಅಧಿಕೃತ ಸರ್ವಿಸ್ ಸೆಂಟರಿಗೇ ಬರಬೇಕು ಎಂದೇ ಬರೆಯುತ್ತವೆ. ಹಾಗಾಗಿ ನನ್ನ ಸಲಹೆ ಇಷ್ಟೇ: ವಾರಂಟಿ ಮುಗಿಯುವವರೆಗೆ ಎಂಜಿನ್ ಮತ್ತು ವಿದ್ಯುತ್ ಕೆಲಸವನ್ನು ಅಧಿಕೃತ ಜಾಗದಲ್ಲೇ ಮಾಡಿಸಿ. ಪಂಕ್ಚರ್, ಚೇನ್ ಬಿಗಿಸುವುದು, ತೊಳೆಯುವುದಕ್ಕೆ ಊರಿನ ಮೆಕ್ಯಾನಿಕ್ ಸಾಕು. ಪಾವಗಡದ ಹಳ್ಳಿಯಿಂದ ಆಯಿಲ್ ಬದಲಿಸಲೆಂದು ನೂರು ಕಿಲೋಮೀಟರ್ ದೂರದ ತುಮಕೂರಿಗೆ ಯಾರೂ ಬರಲಾರರು ಎಂಬುದು ನನಗೆ ಗೊತ್ತು. ಹೊರಗೆ ಮಾಡಿಸಲೇಬೇಕಾದರೆ ಕಂಪನಿ ಹೇಳಿದ ದರ್ಜೆಯ ಆಯಿಲ್ ಕೊಂಡು ಅದರ ಬಿಲ್ಲನ್ನು ಜೋಪಾನ ಮಾಡಿ.

ನಂದಿ ಬೆಟ್ಟಕ್ಕೆ ಹೋಗುವ ಹುಡುಗರೆಲ್ಲ ಸೈಲೆನ್ಸರ್, ಎಲ್‌ಇಡಿ ದೀಪ ಹಾಕಿಸಿದ್ದಾರೆ. ನಾನೂ ಹಾಕಿಸಲೇ?

ದೀಪ ಹಾಕುವವರು ಮೂಲ ವೈರನ್ನು ಕತ್ತರಿಸಿ ಟೇಪ್ ಸುತ್ತಿದರೆ, ಮುಂದೆ ಬ್ಯಾಟರಿ ಇಳಿದರೂ ಫ್ಯೂಸ್ ಹೋದರೂ ಸರ್ವಿಸ್ ಸೆಂಟರಿನವರು ಬೆರಳು ತೋರಿಸುವುದು ಆ ಟೇಪಿನ ಕಡೆಗೆ. ಅವರನ್ನು ದೂರಲಾಗದು. ಬಿಎಸ್-6 ಎಂಬ ಹೊಗೆ ನಿಯಂತ್ರಣ ಮಾನದಂಡದ ಗಾಡಿಗಳಲ್ಲಿ ಇಂಧನ ಇಂಜೆಕ್ಷನ್ ಮತ್ತು ಸೈಲೆನ್ಸರಿನ ಬಳಿಯ ಆಮ್ಲಜನಕ ಸೆನ್ಸರ್ ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡುತ್ತವೆ. ಸೈಲೆನ್ಸರ್ ಬದಲಿಸಿದರೆ ಆ ಹೊಂದಾಣಿಕೆ ಕೆಡುತ್ತದೆ. ಮೂಲ ವಿನ್ಯಾಸ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ ಅಡ್ಡಿಯೂ ಇದೆ. ದಯವಿಟ್ಟು ಬೇಡ.

ಯಾವುದಕ್ಕೆಲ್ಲ ವಾರಂಟಿ ಇರುವುದಿಲ್ಲ?

ಓಡಿಸಿದಂತೆ ಸವೆಯುವ ಭಾಗಗಳಿಗೆ: ಬ್ರೇಕ್ ಶೂ ಮತ್ತು ಪ್ಯಾಡ್, ಕ್ಲಚ್ ಪ್ಲೇಟ್, ಚೇನ್ ಸ್ಪ್ರಾಕೆಟ್, ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಕೇಬಲ್, ಬಲ್ಬ್, ರಬ್ಬರ್ ಭಾಗಗಳು. ಬಣ್ಣ ಮಾಸಿದ್ದಕ್ಕೆ, ತುಕ್ಕಿಗೆ, ಅಪಘಾತಕ್ಕೆ, ರೇಸಿಗೆ, ಹೆಚ್ಚು ಭಾರ ಹೇರಿದ್ದಕ್ಕೂ ಇಲ್ಲ. ಟಯರ್ ಮತ್ತು ಬ್ಯಾಟರಿಗೆ ಅವುಗಳ ತಯಾರಕರದೇ ಪ್ರತ್ಯೇಕ ವಾರಂಟಿ ಇರುವುದು ರೂಢಿ, ಅವಧಿಯೂ ಬೇರೆ. ಡೆಲಿವರಿ ದಿನವೇ ಆ ಎರಡು ಕಾರ್ಡುಗಳನ್ನು ಕೇಳಿ ಪಡೆಯಿರಿ.

## ತಕರಾರು ಶುರುವಾದಾಗ

ದೂರು ಹೇಳಿದೆ, ಅವರು ನೋಡಿದರು, ಸರಿಯಾಗಿದೆ ಎಂದು ಕಳಿಸಿದರು. ಮತ್ತೆ ಅದೇ ತೊಂದರೆ. ಏನು ಮಾಡಲಿ?

ಮೊದಲು ಹೇಳಿ, ನಿಮ್ಮ ಕೈಯಲ್ಲಿ ಜಾಬ್ ಕಾರ್ಡ್, ಅಂದರೆ ಗಾಡಿ ಬಿಡುವಾಗ ದೂರು ಬರೆದು ನಿಮ್ಮ ಸಹಿ ಪಡೆಯುವ ಕಾಗದ, ಇದೆಯೇ?

ನನ್ನ ಬೈಕಿಗೆ ಎರಡು ವರ್ಷ ವಾರಂಟಿ ಇತ್ತು. ಇಪ್ಪತ್ತನೇ ತಿಂಗಳಿನಲ್ಲಿ, ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ಒಳಗಿನಿಂದ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂಥ ಕಟಕಟ ಸದ್ದು ಬರತೊಡಗಿತು. ಒಂದು ನಿಮಿಷಕ್ಕೆ ನಿಂತುಹೋಗುತ್ತಿತ್ತು. ಮೂರು ಸಲ ಸರ್ವಿಸ್ ಸೆಂಟರಿಗೆ ಹೋದೆ. ಮೂರು ಸಲವೂ ಕೌಂಟರಿನ ಹುಡುಗ ತಾಳ್ಮೆಯಿಂದ ಕೇಳಿಸಿಕೊಂಡ, 'ನೋಡಿಸುತ್ತೇನೆ ಸರ್' ಎಂದ, ನಾನು ಸಹಿ ಹಾಕಿ ಬಂದೆ. ಇಪ್ಪತ್ತೈದನೇ ತಿಂಗಳಿನಲ್ಲಿ ಸದ್ದು ನಿಲ್ಲದಾಯಿತು. ಟೈಮಿಂಗ್ ಚೇನ್ ಮತ್ತು ಅದರ ಟೆನ್ಷನರ್ ಹೋಗಿವೆ, ವಾರಂಟಿ ಮುಗಿದಿದೆ, ನೀವೇ ಕೊಡಬೇಕು ಎಂದರು. ನಾಲ್ಕು ತಿಂಗಳಿಂದ ಹೇಳುತ್ತಿದ್ದೇನಲ್ಲ ಎಂದು ಮೂರೂ ಜಾಬ್ ಕಾರ್ಡುಗಳನ್ನು ಮೇಜಿನ ಮೇಲೆ ಇಟ್ಟೆ. ಮ್ಯಾನೇಜರ್ ಅವುಗಳನ್ನು ನನ್ನ ಕಡೆಗೇ ತಿರುಗಿಸಿದರು. 'ಗ್ರಾಹಕರ ದೂರು' ಎಂಬ ಜಾಗದಲ್ಲಿ ಮೂರರಲ್ಲೂ ಎರಡೇ ಪದ: ಜನರಲ್ ಚೆಕಪ್. ಕೆಳಗೆ ನನ್ನದೇ ಸಹಿ.

ನಾಲ್ಕು ಸಾವಿರ ಚಿಲ್ಲರೆ ಕೊಟ್ಟು ಬಂದೆ. ನಾನು ಆಡಿದ ಮಾತಿಗೆ ಯಾವ ಗುರುತೂ ಉಳಿದಿರಲಿಲ್ಲ.

ಆದ್ದರಿಂದ ಜಾಬ್ ಕಾರ್ಡಿನಲ್ಲಿ ದೂರು ನಿಮ್ಮ ಮಾತಿನಲ್ಲೇ ಇರಲಿ. 'ಬೆಳಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಎಂಜಿನ್ ಬಲಭಾಗದಲ್ಲಿ ಒಂದು ನಿಮಿಷ ಸದ್ದು' ಎಂದು ಬರೆಸಿ. ತಾರೀಖು, ಓಡಿದ ಕಿಲೋಮೀಟರ್ ಸರಿಯಾಗಿವೆಯೇ ನೋಡಿ, ಓದಿದ ಮೇಲೆ ಸಹಿ ಹಾಕಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಕಂಪ್ಯೂಟರಿನಲ್ಲಿ ಅಷ್ಟು ಬರೆಯಲು ಜಾಗವಿಲ್ಲ ಎಂದರೆ ಪ್ರಿಂಟಿನ ಮೇಲೆ ಪೆನ್ನಿನಲ್ಲಿ ಬರೆಸಿ. ಗಾಡಿ ವಾಪಸ್ ಪಡೆಯುವಾಗ ಉಚಿತವಾಗಿ ಬದಲಿಸಿದ ಭಾಗಕ್ಕೂ ಸೊನ್ನೆ ರೂಪಾಯಿಯ ಬಿಲ್ ಕೇಳಿ. ವಾರಂಟಿ ಅವಧಿಯಲ್ಲಿ ಬರಹದಲ್ಲಿ ದಾಖಲಾದ ದೋಷ ಅವಧಿ ಮುಗಿದ ಮೇಲೂ ಮುಂದುವರಿದರೆ, ಇದು ಹಳೆಯ ದೂರೇ ಎಂದು ಕೇಳಲು ನಿಮಗೆ ಗಟ್ಟಿ ಆಧಾರ ಇರುತ್ತದೆ.

ಸದ್ದು ಮನೆಯಲ್ಲಿ ಬರುತ್ತದೆ, ಶೋರೂಮಿನಲ್ಲಿ ಬರುವುದೇ ಇಲ್ಲ. ಹೇಗೆ ತೋರಿಸಲಿ?

ಗಾಡಿ ಅಲ್ಲಿಗೆ ಓಡಿ ಬರುವಷ್ಟರಲ್ಲಿ ಎಂಜಿನ್ ಬಿಸಿಯಾಗಿರುತ್ತದೆ. ಸಂಜೆಯೇ ಗಾಡಿ ಬಿಟ್ಟು, ರಾತ್ರಿ ಅಲ್ಲೇ ಇರಲಿ, ಬೆಳಗ್ಗೆ ನಾನು ಬಂದ ಮೇಲೆ ನನ್ನ ಎದುರಿಗೇ ಸ್ಟಾರ್ಟ್ ಮಾಡಿ ಎಂದು ಹೇಳಿ. ಅದರ ಜೊತೆಗೆ ಒಂದೇ ಓಟದ ವಿಡಿಯೊ ಮಾಡಿ: ಮೊದಲು ಮೀಟರಿನ ಕಿಲೋಮೀಟರ್, ನಂತರ ನಂಬರ್ ಪ್ಲೇಟ್, ನಂತರ ಸ್ಟಾರ್ಟ್.

ಪಾರ್ಟ್ ಬಂದಿಲ್ಲ ಎಂದು ಮೂರು ವಾರದಿಂದ ಗಾಡಿ ಅಲ್ಲೇ ನಿಲ್ಲಿಸಿಕೊಂಡಿದ್ದಾರೆ.

ಭಾಗದ ಹೆಸರು ಮತ್ತು ಅದನ್ನು ತರಿಸಲು ಆರ್ಡರ್ ಹಾಕಿದ ತಾರೀಖನ್ನು ಬರಹದಲ್ಲಿ ಕೇಳಿ. ನನ್ನ ಅನುಭವದಲ್ಲಿ ಅರ್ಧ ಪ್ರಕರಣಗಳಲ್ಲಿ ಆರ್ಡರ್ ಹೋಗುವುದೇ ನೀವು ತಾರೀಖು ಕೇಳಿದ ದಿನ. ಅದೇ ದಿನ ಕಂಪನಿಯ ಗ್ರಾಹಕ ಸೇವೆಗೂ ಇಮೇಲ್ ಹಾಕಿ, ದೂರಿನ ಸಂಖ್ಯೆ ಪಡೆಯಿರಿ.

ರಾಜಕಾಲುವೆ ಉಕ್ಕಿ ರಾತ್ರಿಯೆಲ್ಲ ಬೈಕ್ ನೀರಿನಲ್ಲಿ ನಿಂತಿತ್ತು. ವಾರಂಟಿ ಬರುತ್ತದೆಯೇ?

ಬರುವುದಿಲ್ಲ, ಇದು ಇನ್ಶೂರೆನ್ಸಿನ ವಿಷಯ. ಆದರೆ ಒಂದು ಮಾತು ನೆನಪಿಡಿ: ಸ್ಟಾರ್ಟ್ ಆಗುತ್ತದೆಯೇ ಎಂದು ಸೆಲ್ಫ್ ಒತ್ತಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಅದು ಗಾಳಿಯಂತೆ ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಗ ಇದು ನಿಮ್ಮ ಕೈಯಾರೆ ಆದ ಹಾನಿ ಎಂದು ವಿಮೆಯವರೂ ತಕರಾರು ತೆಗೆಯಬಹುದು. ಗಾಡಿ ನಿಂತ ಜಾಗದ ಫೋಟೊ ತೆಗೆದು, ವಿಮೆಯವರಿಗೆ ತಿಳಿಸಿ, ಗಾಡಿಯನ್ನು ವಾಹನದಲ್ಲಿ ಹೇರಿಸಿಕೊಂಡೇ ಸಾಗಿಸಿ.

ಎಕ್ಸ್‌ಟೆಂಡೆಡ್ ವಾರಂಟಿ ತೆಗೆದುಕೊಳ್ಳುವುದು ಲಾಭವೇ?

ಇದು ದುಡ್ಡು ಕೊಟ್ಟು ವಾರಂಟಿಯ ಅವಧಿಯನ್ನು ಮುಂದುವರಿಸಿಕೊಳ್ಳುವ ಯೋಜನೆ. ನಾಲ್ಕೈದು ವರ್ಷ ಅದೇ ಗಾಡಿ ಇಟ್ಟುಕೊಳ್ಳುವವರಿಗೆ, ಅದರಲ್ಲೂ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ), ಇಂಜೆಕ್ಷನ್, ಡಿಜಿಟಲ್ ಮೀಟರ್ ಇರುವ ಗಾಡಿಯವರಿಗೆ ಲಾಭ ಎಂದು ನಾನು ಹೇಳುತ್ತೇನೆ. ಇವುಗಳಲ್ಲಿ ಯಾವುದೊಂದು ಭಾಗ ಕೆಟ್ಟರೂ ಬೆಲೆ ಹಗುರವಾಗಿರುವುದಿಲ್ಲ. ಎರಡು ವರ್ಷಕ್ಕೆ ಮಾರುವವರಿಗೆ ಬೇಡ. ಮೊದಲ ವಾರಂಟಿ ಚಾಲ್ತಿಯಲ್ಲಿರುವಾಗಲೇ ಕೊಳ್ಳಬೇಕೆಂಬುದು ಸಾಮಾನ್ಯ ಷರತ್ತು, ಡೆಲಿವರಿ ದಿನವೇ ಆಗಬೇಕೆಂದೇನಿಲ್ಲ. ಕೊಡುವವರು ತಯಾರಕರೋ ಬೇರೆ ಸಂಸ್ಥೆಯೋ, ಯಾವ ಭಾಗಗಳಿಗೆ ಅನ್ವಯಿಸುತ್ತದೆ ಎಂಬುದನ್ನು ಓದಿಕೊಂಡು ದುಡ್ಡು ಕೊಡಿ. ಎಎಂಸಿ ಎಂದರೆ ವರ್ಷಾವಧಿ ಸರ್ವಿಸಿನ ಮುಂಗಡ ಒಪ್ಪಂದ. ಅದು ವಾರಂಟಿಯಲ್ಲ. ದಾರಿಯಲ್ಲಿ ಕೈಕೊಟ್ಟಾಗ ನೆರವಿಗೆ ಬರುವ ಯೋಜನೆಯೂ ವಾರಂಟಿಯಲ್ಲ. ಶಿರಾ ಕಡೆಯ ಹೆದ್ದಾರಿಯಲ್ಲೋ ಬಾಗೇಪಲ್ಲಿ ಕಡೆಯ ಹೆದ್ದಾರಿಯಲ್ಲೋ ರಾತ್ರಿ ಸಿಕ್ಕಿಕೊಂಡರೆ ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033 ಇದೆ.

ಎಲೆಕ್ಟ್ರಿಕ್ ಗಾಡಿ ಮೊದಲು ನೂರು ಕಿಲೋಮೀಟರ್ ಓಡುತ್ತಿತ್ತು, ಈಗ ಎಂಬತ್ತು. ಬ್ಯಾಟರಿ ಬದಲಿಸಿ ಕೊಡಬೇಕಲ್ಲವೇ?

ಬ್ಯಾಟರಿಯ ಶಕ್ತಿ ನಿಧಾನವಾಗಿ ಇಳಿಯುವುದು ಸಹಜ. ವಾರಂಟಿ ಅವಧಿಯಲ್ಲಿ ಇಂತಿಷ್ಟು ಶೇಕಡಾಕ್ಕಿಂತ ಕೆಳಗಿಳಿದರೆ ಮಾತ್ರ ಬದಲಿ ಎಂದು ಪುಸ್ತಕದಲ್ಲಿ ಬರೆದಿರುತ್ತಾರೆ. ಆ ಅಂಕಿಯನ್ನು ಕೊಳ್ಳುವ ಮೊದಲೇ ಕೇಳಿ. ನಿಮ್ಮ ತಾಲ್ಲೂಕಿಗೆ ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆ ಎಂಬುದನ್ನು ಅದಕ್ಕೂ ಮೊದಲು ಕೇಳಿ.

## ಮಾತಿನಲ್ಲಿ ಮುಗಿಯದಿದ್ದರೆ

ಹೋಂಡಾ ಕಾರ್ಖಾನೆ ನಮ್ಮ ನರಸಾಪುರದಲ್ಲೇ ಇದೆ. ನೇರವಾಗಿ ಅಲ್ಲಿಗೇ ಹೋಗಿ ಕೇಳಬಹುದೇ?

ಕೋಲಾರದವರು ಇದನ್ನು ಕೇಳುತ್ತಲೇ ಇರುತ್ತಾರೆ. ಕಾರ್ಖಾನೆ ಗಾಡಿ ತಯಾರಿಸುವ ಜಾಗ. ವಾರಂಟಿ ದೂರುಗಳಿಗೆ ದಾರಿ ಇರುವುದು ಡೀಲರ್, ಆಮೇಲೆ ಕಂಪನಿಯ ಗ್ರಾಹಕ ಸೇವಾ ವಿಭಾಗ. ಯಾವ ಕಂಪನಿಯ ಗಾಡಿಗಾದರೂ ಇದೇ ಮಾತು.

ನಮ್ಮ ಊರಿನ ಶೋರೂಮ್ ಮುಚ್ಚಿಹೋಯಿತು. ಇನ್ನು ವಾರಂಟಿ ಕೇಳುವುದು ಯಾರನ್ನು?

ತಯಾರಕರನ್ನು. ಅವರ ಹೊಣೆ ಡೀಲರ್ ಜೊತೆ ಮುಚ್ಚಿಹೋಗುವುದಿಲ್ಲ. ಹತ್ತಿರದ ಬೇರೆ ಅಧಿಕೃತ ಸೆಂಟರಿಗೆ ಹೋಗಿ.

ಎರಡು ವರ್ಷ ಹಳೆಯ ಬೈಕ್ ಕೊಂಡೆ. ಉಳಿದ ವಾರಂಟಿ ನನಗೆ ಬರುತ್ತದೆಯೇ?

ಅನೇಕ ಕಂಪನಿಗಳಲ್ಲಿ ವಾರಂಟಿ ಗಾಡಿಯ ಜೊತೆ ಹೋಗುತ್ತದೆ. ಆರ್‌ಸಿ ನಿಮ್ಮ ಹೆಸರಿಗಾದ ಮೇಲೆ ಸರ್ವಿಸ್ ಸೆಂಟರಿನಲ್ಲಿ ಹೆಸರು ಬದಲಿಸಿಕೊಳ್ಳಿ. ಮಾರುವವರಿಂದ ಹಳೆಯ ಸರ್ವಿಸ್ ಬಿಲ್ಲುಗಳನ್ನು ಕೇಳಿ ತೆಗೆದುಕೊಳ್ಳಿ.

ನನ್ನ ಮಾದರಿಯ ಗಾಡಿಗಳನ್ನು ಕಂಪನಿ ವಾಪಸ್ ಕರೆಸುತ್ತಿದೆ ಎಂದು ಪತ್ರಿಕೆಯಲ್ಲಿ ಬಂದಿದೆ. ಖರ್ಚು ಯಾರದು?

ಕಂಪನಿಯದು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 110-ಎ ಕಲಮಿನ ಪ್ರಕಾರ, ಸುರಕ್ಷತೆಗೆ ಅಪಾಯ ತರುವ ದೋಷವಿರುವ ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ಸರ್ಕಾರವೇ ತಯಾರಕರಿಗೆ ಆದೇಶಿಸಬಹುದು. ಚಾಸಿಸ್ ಸಂಖ್ಯೆ ಕೊಟ್ಟು ನಿಮ್ಮ ಗಾಡಿ ಆ ಪಟ್ಟಿಯಲ್ಲಿದೆಯೇ ಎಂದು ಕೇಳಿ. ಬ್ರೇಕಿಗೋ ಇಂಧನ ಸೋರಿಕೆಗೋ ಸಂಬಂಧಿಸಿದ ಕರೆಯಾದರೆ ಹಬ್ಬ ಮುಗಿಯಲಿ ಎಂದು ಕಾಯಬೇಡಿ.

ಡೀಲರೂ ಕೇಳುತ್ತಿಲ್ಲ, ಕಂಪನಿಯೂ ಕೇಳುತ್ತಿಲ್ಲ. ವಕೀಲರನ್ನು ಹಿಡಿಯಬೇಕೇ?

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅಲ್ಲಿಯೂ ಬಗೆಹರಿಯದಿದ್ದರೆ ಡೀಲರ್ ಮತ್ತು ತಯಾರಕರು ಇಬ್ಬರಿಗೂ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳಿಸಿ, ಉತ್ತರಿಸಲು 15 ದಿನ ಕೊಡಿ. ಆನಂತರ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನಲ್ಲಿ ಗಾಡಿ ಕೊಂಡ ತಿಪಟೂರಿನವರು ತುಮಕೂರಿನಲ್ಲೇ ಕೇಳಬಹುದು. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. 2025ರ ಜನವರಿಯಿಂದ ಇರುವ ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಗಡುವು. ಬಾ, ನಾಳೆ ಬಾ ಎಂದು ಅಲೆದಾಡಿಸುವವರ ಬಾಗಿಲಲ್ಲಿ ಆ ಎರಡು ವರ್ಷವನ್ನು ಕಳೆಯಬೇಡಿ.

ನನಗೆ ರಿಪೇರಿ ಬೇಡ, ಹೊಸ ಗಾಡಿಯನ್ನೇ ಕೊಡಿಸಿ ಎಂದು ಕೇಳಬಹುದೇ?

ಕೇಳಬಹುದು, ಸಿಗುವುದು ಕಷ್ಟ. ವಾರಂಟಿಯಲ್ಲಿ ಭಾಗ ಬದಲಿಸಿಕೊಡುತ್ತೇವೆ ಎಂದಷ್ಟೇ ಇದ್ದರೆ ಅದರ ಆಧಾರದ ಮೇಲೆ ಇಡೀ ವಾಹನ ಬದಲಿಸುವಂತೆ ಹೇಳಲಾಗದು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಕಾರಿನ ಪ್ರಕರಣವೊಂದರಲ್ಲಿ ಹೇಳಿದೆ. ಗಾಡಿ ಬದಲಿ ಅಥವಾ ಹಣ ವಾಪಸ್ ಬೇಕಾದರೆ ದೋಷ ತಯಾರಿಕೆಯದೇ, ರಿಪೇರಿಯಿಂದ ಸರಿಹೋಗದಂಥದ್ದು ಎಂದು ತೋರಿಸಬೇಕು. ಅದಕ್ಕೆ ತಜ್ಞರ ವರದಿ ಬೇಕಾಗುತ್ತದೆ. ಒಂದೇ ದೋಷಕ್ಕೆ ಐದಾರು ಸಲ ಹೋದ ಜಾಬ್ ಕಾರ್ಡುಗಳಿದ್ದರೆ ತಜ್ಞರಿಗೂ ಆಯೋಗಕ್ಕೂ ದಾರಿ ಸುಲಭವಾಗುತ್ತದೆ. ರಿಪೇರಿ ವೆಚ್ಚ, ಗಾಡಿ ಇಲ್ಲದೆ ಅನುಭವಿಸಿದ ತೊಂದರೆಗೆ ಪರಿಹಾರ, ದಾವೆಯ ಖರ್ಚು, ಇಷ್ಟನ್ನು ಪ್ರತ್ಯೇಕವಾಗಿ ಬರೆದು ಕೇಳಿ.

ಬೈಕಿನಲ್ಲಿ ಹಾಲಿನ ಕ್ಯಾನ್ ಹಾಕಿಕೊಂಡು ವ್ಯಾಪಾರ ಮಾಡುತ್ತೇನೆ. ಇದು ಕಮರ್ಷಿಯಲ್, ನೀವು ಗ್ರಾಹಕರೇ ಅಲ್ಲ ಎಂದು ಕಳಿಸಿದರು. ನನಗೆ ಹಕ್ಕಿಲ್ಲವೇ?

ಇಲ್ಲಿ ಎರಡು ವಿಷಯ ಬೆರೆತಿವೆ. ಬಾಡಿಗೆಗೆ ಅಥವಾ ಡೆಲಿವರಿ ಕೆಲಸಕ್ಕೆ ಓಡಿಸಿದರೆ ವಾರಂಟಿ ಇಲ್ಲ ಎಂದು ಕೆಲವು ಪುಸ್ತಕಗಳಲ್ಲಿ ಷರತ್ತು ಇರುತ್ತದೆ, ಅದನ್ನು ಓದಿ. ಭಾರದ ಮಿತಿಯೂ ಇರುತ್ತದೆ. ಕೋಲಾರದ ಮಾರುಕಟ್ಟೆಗೆ 15 ಕಿಲೋ ತೂಗುವ ಟೊಮೆಟೊ ಬಾಕ್ಸ್‌ಗಳನ್ನು ಹಿಂದೆ ಮುಂದೆ ಎಂಟು ಹತ್ತು ಕಟ್ಟಿಕೊಂಡು ಹೋದರೆ, ಹಿಂದಿನ ಶಾಕ್ ಅಬ್ಸಾರ್ಬರ್ ಬಾಗಿದ್ದಕ್ಕೆ ಕಂಪನಿಯನ್ನು ಕೇಳಲಾಗದು.

ಆದರೆ 'ಗ್ರಾಹಕರೇ ಅಲ್ಲ' ಎಂಬುದು ತಪ್ಪು. ಸ್ವಂತ ದುಡಿಮೆಯಿಂದ ಜೀವನ ನಡೆಸಲು ಒಬ್ಬ ವ್ಯಕ್ತಿ ತಾನೇ ಬಳಸುವ ವಸ್ತುವನ್ನು ಕೊಂಡರೆ ಅದನ್ನು ವಾಣಿಜ್ಯ ಉದ್ದೇಶ ಎನ್ನಲಾಗದು ಎಂದು ಗ್ರಾಹಕರ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲೇ ಬರೆದಿದೆ. ಬೆಳಗಿನ ಜಾವ ಎದ್ದು ನಾಲ್ಕು ಹಳ್ಳಿಯ ಹಾಲು ಹೊತ್ತು ತರುವ ನೀವು ಆ ಕಾಯ್ದೆಯ ಕಣ್ಣಿನಲ್ಲಿ ಗ್ರಾಹಕರೇ. ಮತ್ತೆ ಆ ಕೌಂಟರಿಗೆ ಹೋಗಿ. ಆ ಮಾತನ್ನು ಬರೆದು ಸೀಲು ಹಾಕಿ ಕೊಡಿ ಎಂದು ಕೇಳಿ. ಬರೆದು ಕೊಟ್ಟರೆ ಅದೇ ಕಾಗದವನ್ನು ದೂರಿನ ಜೊತೆ ಲಗತ್ತಿಸಿ.